ಗೋಡೆಯಾಚೆ ಹೋದ ತಂತಿ

ಮಸ್ಕಿ
9-5-1993

ಚಿರಂಜೀವಿ ಮಾಳಿಂಗನಿಗೆ ಅವ್ವ ಗದ್ದೆಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಕಡಿಮೆಯಾಯಿತೇ? ಸಿಂಧನೂರಿನ ಗಿರಣಿಯಲ್ಲಿ ತೌಡಿನ ಧೂಳು ಕುಡಿದು ಎದೆ ಕೆಡಿಸಿಕೊಳ್ಳಬೇಡ, ಬಾಯಿಗೆ ವಸ್ತ್ರ ಕಟ್ಟಿಕೊ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಗಟ್ಟಿಯಾಗಿದ್ದೇನೆ. ಎಮ್ಮೆ ಈದಿದೆ, ಹೆಣ್ಣುಗರು. ಇಷ್ಟನ್ನು ತಾಯಿಯಾಗಿ ಬರೆದೆ. ಮುಂದಿನದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಪಡಸಾಲೆಯ ಬಾಗಿಲ ಮೇಲೆ ಕರೆಂಟಿನ ತಂತಿಗಳೆಲ್ಲ ಕೂಡುವ ಡಬ್ಬಿ ಇದೆಯಲ್ಲ, ಯಾರೂ ಕೈ ಹಚ್ಚಬೇಡಿ ಎಂದು ನೀನು ಪ್ರತಿ ಸಲ ಹೇಳಿ ಹೋಗುತ್ತಿದ್ದೆಯಲ್ಲ, ಅದೇ. ನಿನ್ನೆ ಫ್ಯಾನು ಹಾಕಿದೊಡನೆ ಅದರೊಳಗೆ ಚಟಚಟ ಸಪ್ಪಳವಾಗಿ ಸುಟ್ಟ ವಾಸನೆ ಬಂತು. ವೈರಿಂಗ್ ಮಾಡುವ ಮಸ್ತಾನಸಾಬನನ್ನು ಕರೆಸಿದೆ. ಅವನು ಮೇನ್ ಸ್ವಿಚ್ ಬಂದ್ ಮಾಡಿ ಮುಚ್ಚಳ ತೆಗೆದರೆ ಒಳಗೆ ತಂತಿಗಳು ಶಾವಿಗೆ ತುರುಕಿದ ಹಾಗೆ ತುಂಬಿದ್ದವು. ಕೆಲವು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ಸಣ್ಣ ಮನೆಗೆ ಇಷ್ಟೊಂದು ತಂತಿ ಯಾಕೆ ಎಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಹಿಂದಿನ ಗೋಡೆಯಾಚೆಯಿಂದ ನಿನ್ನ ಅತ್ತಿಗೆ ಕರೆಮ್ಮ, ಡಬ್ಬಿ ಬಿಚ್ಚಿದವನು ನೀನೇ ಎಂದು ತಿಳಿದು, ಕೂಗಿದಳು: "ಮಾಳಿಂಗ, ಯಾವಾಗ ಬಂದಿಯಪ್ಪ? ಲಗೂ ಕರೆಂಟ್ ಬಿಡು, ಕೂಸು ಸೆಕಿಗಿ ಅಳಾಕತ್ತೈತಿ."

ನೀನೂ ನಿನ್ನ ಅಣ್ಣ ದ್ಯಾವಪ್ಪನೂ ಬೇರೆಯಾಗಿ ಮನೆಯ ನಡುವೆ ಗೋಡೆ ಎದ್ದ ದಿನ, ನನ್ನ ಕೈ ಎಳೆದು ನಿನ್ನ ತಲೆಯ ಮೇಲಿಟ್ಟುಕೊಂಡು ಏನೆಂದೆ? "ಅವನ ಹೊಸ್ತಿಲ ತುಳಿದ್ರ ನನ್ನ ಮ್ಯಾಲ ಆಣಿ ಬೇ." ಹೆತ್ತ ಮಗನ ತಲೆ ಮುಟ್ಟಿದ ಆಣೆ, ಮುರಿದರೆ ನಿನಗೇನಾದೀತೋ ಎಂದು ಹೆದರಿ ಕೂತೆ. ಮೂರು ವರ್ಷದ ಹಿಂದೆ ಮೊಮ್ಮಗಳ ತೊಟ್ಟಿಲ ಹಾಡನ್ನು ಗೋಡೆಗೆ ಕಿವಿ ಹಚ್ಚಿ ಕೇಳಿದೆ. ಆ ಕೂಸಿನ ತಲೆಗೆಂದು ಹೊಲಿದ ಕುಲಾಯಿ ಪೆಟ್ಟಿಗೆಯಲ್ಲೇ ಉಳಿಯಿತು. ಆ ಮನೆಯಲ್ಲಿ ದೀಪ ಕಂಡಾಗ ದ್ಯಾವ ತನ್ನದೇ ಮೀಟರು ಹಾಕಿಸಿಕೊಂಡನೆಂದು ತಿಳಿದಿದ್ದೆ. ಈಗ ನೋಡಿದರೆ ನೀವಿಬ್ಬರೂ ಯಾವಾಗಲೋ ರಾಜಿಯಾಗಿದ್ದೀರಿ. ನನ್ನ ಮುಂದೆ ಮಾತ್ರ, ಅವನ ಹೆಸರೆತ್ತಿದರೆ ನೀನು ಉಣ್ಣುವ ಗಂಗಾಳ ಸರಿಸಿ ಏಳುತ್ತಿದ್ದೆ. ಅಣ್ಣನಿಗೆ ಕರೆಂಟು ಕೊಟ್ಟಿದ್ದಕ್ಕೆ ನಿನ್ನನ್ನು ಬೈಯುವುದಿಲ್ಲ ಮಗನೇ, ಅದು ಒಳ್ಳೆಯ ಕೆಲಸ. ಆದರೆ ಆಣೆ ಬಿಟ್ಟೆ ಅವ್ವ ಎಂಬ ಒಂದು ಮಾತು ನಿನ್ನ ಬಾಯಿಗೆ ಬರಲಿಲ್ಲವಲ್ಲ. ನಾನು ಆ ಕಡೆ ಹೋದರೆ ಈ ಮನೆ, ಎಮ್ಮೆ ನೋಡುವವರು ಯಾರೆಂಬ ಲೆಕ್ಕವೇ?

ಹಿಂದಿನ ಲೈನು ಕಡಿಯಲೇ ಎಂದು ಮಸ್ತಾನಸಾಬ ಕೇಳಿದ. ಬೇಡ, ಕೂಸಿರುವ ಮನೆ ಎಂದೆ. ಸುಟ್ಟ ತಂತಿ ಬದಲಿಸಿ, ಆ ಲೈನಿಗೆ ಬೇರೆ ಡಬ್ಬಿ ಕೂರಿಸಿ ಹೋದ.

ದೇವರು ನಿನ್ನನ್ನು ಚೆನ್ನಾಗಿಡಲಿ. ಇಷ್ಟಾದರೂ ಹಾಗೆನ್ನದೆ ಇರಲಾರೆ.

ನಿನ್ನ ಅವ್ವ
ಗದ್ದೆಮ್ಮ

ತಾ.ಕ.: ಇದನ್ನು ಟಪಾಲಿಗೆ ಹಾಕುವ ಮೊದಲು ಹಿಂದಿನ ಮನೆಗೆ ಹೋಗಿ ಬಂದೆ. ಆಣೆ ಮುರಿದಿದ್ದೇನೆ, ಅದರ ದೋಷ ತಟ್ಟದಂತೆ ತಲೆಯ ಮೇಲೆ ನೀರು ಹೊಯ್ದುಕೊ. ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ, ನಿಮ್ಮ ಮುಖ ನೋಡಲೊಲ್ಲಳು ಎಂದು ಅವರಿಗೆ ನೀನೇ ಹೇಳುತ್ತಿದ್ದೆಯಂತೆ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅದು ಕರೆಮ್ಮನ ಸೆರಗಿನ ಹಿಂದೆ ಸರಿದು ಕೇಳಿತು: "ಯವ್ವಾ, ಈಕಿ ಯಾರಬೇ? ಕಾಕಾನ ಮನಿ ಮುದುಕೇನು?"