ನಿಮ್ಮ ಗ್ರಾಹಕಿ ಮಲ್ಲಿಗೆಯವರ ಖಾತೆಯ ಬಗ್ಗೆ

ಹಾಲು ಕರೆಯುವ ಯಂತ್ರದ ಕಂಪನಿಯಲ್ಲಿ ಗ್ರಾಹಕರ ಖಾತೆಗಳನ್ನು ನೋಡಿಕೊಳ್ಳುವ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ದಾಖಲೆಯ ಪ್ರಕಾರ ನಮ್ಮ ಮನೆಯ ಹಾಲು ಕರೆಯುವ ಯಂತ್ರದ ಮಾಲೀಕರು ಮಲ್ಲಿಗೆ ಎಂಬುವವರು. ಮಲ್ಲಿಗೆ ನಮ್ಮ ಹಸು. ಯಂತ್ರವನ್ನು ಕೊಂಡವಳು ನನ್ನ ಹೆಂಡತಿ ದಾಕ್ಷಾಯಣಮ್ಮ. ಇವರಿಬ್ಬರಲ್ಲಿ ಯಾರು ಯಾರ ಹಾಲು ಕರೆಯುತ್ತಾರೆ ಎಂಬ ಬಗ್ಗೆ ನಮ್ಮೂರು ದುದ್ದದಲ್ಲಿ ಇದುವರೆಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಬಂದಿರುವುದು ನಿಮ್ಮ ಕಂಪನಿಗೆ ಮಾತ್ರ. ಇದರಿಂದ ನನ್ನ ಹೆಂಡತಿ ತನ್ನ ಯಂತ್ರಕ್ಕೆ ತಾನೇ ಯಾರೂ ಅಲ್ಲದವಳಾಗಿದ್ದಾಳೆ, ನಿಮ್ಮದೇ ಮೆಕ್ಯಾನಿಕ್ ಅನಿಲ್‌ಕುಮಾರ್ ಅಮಾನತಾಗಿ ಮನೆಯಲ್ಲಿ ಕೂತಿದ್ದಾನೆ. ನಿಮಗೆ ಇ-ಮೇಲ್ ಬರೆದೆ. "ಪ್ರೀತಿಯ ಮಲ್ಲಿಗೆಯವರೇ" ಎಂದು ಉತ್ತರ ಬಂತು. ಇನ್ನು ಊರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಪತ್ರ ಬರಹಗಾರ. ಮನೆ, ಜಮೀನು ಕೊಳ್ಳುವವರಿಗೆ ಕ್ರಯಪತ್ರ ಬರೆದುಕೊಡುವುದು ನನ್ನ ಉದ್ಯೋಗ. ಒಂದು ಸ್ವತ್ತು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಛಾಪಾ ಕಾಗದ, ಸಾಕ್ಷಿಗಳು, ಹೆಬ್ಬೆಟ್ಟು, ಫೋಟೋ, ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲವೂ ಬೇಕು ಎಂದು ನಂಬಿ ಬದುಕಿದವನು. ನಮ್ಮ ಮನೆ ನಮ್ಮಪ್ಪನ ಹೆಸರಿನಲ್ಲಿದೆ, ಹೊಲ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದೆ, ಸ್ಕೂಟರ್ ನನ್ನ ಹೆಸರಿನಲ್ಲಿದೆ. ದಾಕ್ಷಾಯಣಿಯ ಮಣಿಕಟ್ಟು ನೋವು ಹೆಚ್ಚಾಗಿ, ಇನ್ನು ಕೈಯಲ್ಲಿ ಹಾಲು ಕರೆಯಬಾರದೆಂದು ವೈದ್ಯರು ಹೇಳಿದಾಗ, ಅವಳು ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಿನಲ್ಲಿ ಈ ಯಂತ್ರ ತಂದೆವು. ಅಂಗಡಿಯವನು ಬಿಲ್ ಬರೆಯಲು ನನ್ನ ಮುಖ ನೋಡಿದ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, "ಅವರ್ದಲ್ಲ ಕಣಪ್ಪ, ನನ್ನೆಸ್ರು ಬರ್ಕೋ" ಎಂದಳು. ಬಿಲ್ಲನ್ನು ಬಸ್ಸಿನಲ್ಲಿ ದುದ್ದದವರೆಗೂ ಕೈಯಲ್ಲೇ ಹಿಡಿದುಕೊಂಡು ಬಂದಳು.

ಆಗ ಯಂತ್ರದ ಜೊತೆ ಕೊಟ್ಟ ನಿಮ್ಮ ಆಪ್ ತೆರೆಯುವುದು ಸುಲಭವಿತ್ತು. ಫೋನ್ ನಂಬರ್ ಹಾಕಿದರೆ ಒಂದು ಸಂಖ್ಯೆ ಬರುತ್ತಿತ್ತು, ಅದನ್ನು ಒತ್ತಿದರೆ ಆಯಿತು. ಅಷ್ಟು ಸುಲಭವಾಗಿರುವುದು ನಿಮಗೆ ಸರಿಕಾಣಲಿಲ್ಲ. "ಗ್ರಾಹಕರ ಅನುಕೂಲಕ್ಕಾಗಿ" ಹಳೆಯ ಬಾಗಿಲಿಗೆ ಬೀಗ ಹಾಕಿ, ಇನ್ನು ಮುಂದೆ ಸಾಮಾಜಿಕ ಜಾಲತಾಣದ ಖಾತೆಯಿಂದಲೇ ಒಳಗೆ ಬರತಕ್ಕದ್ದು ಎಂದಿರಿ. ಮಾನ್ಯರೇ, ಹೀಗೆಂದು ತೀರ್ಮಾನಿಸಿದ ಸಭೆಯಲ್ಲಿ ಹಸುವನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೇ? ಜಾಲತಾಣದಲ್ಲಿ ಇಲ್ಲದವರ ಮನೆಯ ಹಸು ಹಾಲು ಕೊಡುವುದಿಲ್ಲವೇ? ಸಗಣಿ ಬಾಚುವ ಸಲಿಕೆಯನ್ನೂ ನೀವೇ ತಯಾರಿಸುವುದಾದರೆ, ಅದನ್ನು ಎತ್ತುವ ಮೊದಲು ನಾವು ಎಷ್ಟು ಜನ ಸ್ನೇಹಿತರನ್ನು ಮಾಡಿಕೊಂಡಿರಬೇಕು?

ದಾಕ್ಷಾಯಣಿಗೆ ಅಂಥದೊಂದು ಖಾತೆ ಇತ್ತು. ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ನಮ್ಮ ಮಗಳು ದೀಪಶ್ರೀ, ಮೊಮ್ಮಗುವಿನ ಫೋಟೋ ನೋಡಲೆಂದು ತೆರೆದುಕೊಟ್ಟಿದ್ದು. ಖಾತೆಗೆ ತನ್ನ ಫೋಟೋ ಹಾಕುವ ಹೊತ್ತಿಗೆ ಇವಳಿಗೆ ನಾಚಿಕೆ. "ನನ್ ಮಕ ಯಾಕವ್ವಾ? ದಿನಾ ನೋಡೋರ್ಗೇ ಸಾಕಾಗದೆ. ಮಲ್ಲಿಗೆದು ಆಕು, ಲಕ್ಷಣವಾಗವ್ಳೆ" ಎಂದಳು. ಮಗಳು ಹಸುವಿನ ಫೋಟೋ ಹಾಕಿ, ಹೆಸರನ್ನೂ ಮಲ್ಲಿಗೆ ಎಂದೇ ಬರೆದಳು. ಈಗ ನಿಮ್ಮ ಆಪ್ ಕೇಳಿತೆಂದು ಇವಳು ಅದೇ ಖಾತೆಯನ್ನು ಜೋಡಿಸಿ "ಒಪ್ಪಿಗೆ" ಒತ್ತಿದಳು. ದಾಕ್ಷಾಯಣಮ್ಮ ಎಂಬ ಹೆಸರು ಅಳಿಸಿಹೋಗಿ "ಸ್ವಾಗತ ಮಲ್ಲಿಗೆ!" ಎಂದು ಬಂತು.

"ರೀ, ಇಲ್ನೋಡಿ, ಮಿಷನ್ನು ಮಲ್ಲಿಗೆ ಎಸ್ರಿಗೆ ಓಗ್ಬುಡ್ತು!"

ಕ್ರಯವಿಲ್ಲ, ದಾನವಿಲ್ಲ, ವಿಭಾಗಪತ್ರವಿಲ್ಲ. ಒಂದು ಗುಂಡಿ ಒತ್ತಿದ್ದಕ್ಕೆ ಸ್ವತ್ತು ವರ್ಗಾವಣೆ! ಆ ದಿನ ಇಬ್ಬರೂ ನಕ್ಕು ಸುಮ್ಮನಾದೆವು.

ಆಮೇಲೊಂದು ಬೆಳಿಗ್ಗೆ ಯಂತ್ರ ಗೊರಗೊರ ಎಂದು ನಿಂತುಹೋಯಿತು. ಹಸುಗಳು ಕೆಚ್ಚಲು ತುಂಬಿಸಿಕೊಂಡು ಕೂಗುತ್ತಿದ್ದವು. ನಾನು ಪಂಚೆ ಎತ್ತಿ ಕಟ್ಟಿ ಮಲ್ಲಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅದು ತಿರುಗಿ ನನ್ನನ್ನು ಒಮ್ಮೆ ನೋಡಿ, ಕಾಲೆತ್ತಿ ನೇರವಾಗಿ ಬಕೆಟ್ಟಿನೊಳಗೆ ಇಟ್ಟಿತು. "ಏಳ್ರಿ ಮ್ಯಾಕ್ಕೆ, ನೀವು ಬರ್ಕಂಡಿರೋಕೇ ಸರಿ" ಎಂದು ದಾಕ್ಷಾಯಣಿ ನನ್ನನ್ನು ಎಬ್ಬಿಸಿ, ನೋಯುವ ಕೈಯಲ್ಲೇ ಕರೆದಳು. ಕಣ್ಣಲ್ಲಿ ನೀರು ಬಂದಿತ್ತು. ಕೇಳಿದರೆ ಹಸುವಿನ ಬಾಲ ಬಡಿಯಿತೆಂದಳು.

ಹಾಲು ಡೈರಿಗೆ ಹಾಕಿ ಬಂದು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆವು. ಹುಡುಗಿಯೊಬ್ಬಳು ಬಹಳ ವಿನಯದಿಂದ ಕೇಳಿದಳು: "ನಮಸ್ತೆ, ಮಲ್ಲಿಗೆ ಮೇಡಂ ಮಾತಾಡ್ತಿದ್ದೀರಾ?"

"ಅವ್ಳು ಕೊಟ್ಟಿಗೇಲವ್ಳೆ. ಅದೇನು ನಂಗೇ ಏಳಮ್ಮ" ಎಂದಳು ದಾಕ್ಷಾಯಣಿ.

"ಸಾರಿ ಮೇಡಂ, ಖಾತೆದಾರರ ಜೊತೆನೇ ಮಾತಾಡಬೇಕು. ಅವರು ಬಿಜಿ ಇದ್ದಾರಾ?"

"ಮೇಯ್ತಾವ್ಳೆ."

"ಏನಂದ್ರಿ?"

"ತಿಂತಾವ್ಳೆ ಕಣವ್ವಾ."

"ಪರವಾಗಿಲ್ಲ, ನಿಧಾನವಾಗಿ ತಿನ್ನಲಿ. ಆಮೇಲೆ ನಾವೇ ಮಾಡ್ತೀವಿ."

ಹೇಳಿದಂತೆಯೇ ಮಾಡಿದಳು. ಈಗಲಾದರೂ ಮೇಡಂ ಸಿಗುತ್ತಾರಾ ಎಂದಳು. "ಮನೀಕಂಡು ಮೆಲುಕು ಆಕ್ತಾವ್ಳೆ" ಎಂದಳು ಇವಳು. ಆ ಕಡೆ ಹುಡುಗಿ ದನಿ ತಗ್ಗಿಸಿ, "ಮೇಡಂಗೆ ಹುಷಾರಿಲ್ವಾ?" ಎಂದು ಕೇಳಿದಳು.

"ಅಸ ಕಣಮ್ಮ ಅದು! ಅಸ! ಆಲು ಕೊಡೋ ಅಸ!"

ಖಾತೆದಾರರು ಹಸು ಎಂದು ನಮೂದಿಸಲು ಸಿಸ್ಟಮ್ಮಿನಲ್ಲಿ ಅವಕಾಶವಿಲ್ಲವೆಂದು ಹುಡುಗಿ ವಿಷಾದಿಸಿದಳು. ಆದರೂ ಪುಣ್ಯಾತ್ಗಿತ್ತಿ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಿದಳು.

ಬಂದವನೇ ಅನಿಲ್‌ಕುಮಾರ್. ಅರಕಲಗೂಡಿನ ಕಡೆಯವನು. ಪಂಪಿನ ಬೆಲ್ಟ್ ಕಿತ್ತುಹೋಗಿದೆ, ಹೊಸದು ಬ್ಯಾಗಿನಲ್ಲೇ ಇದೆ ಎಂದ. ಆದರೆ ಖಾತೆದಾರರ ಮುಖವನ್ನು ಜಾಲತಾಣದಿಂದ ಬಂದ ಫೋಟೋ ಜೊತೆ ಹೋಲಿಸುವವರೆಗೆ ನಿಮ್ಮ ಆಪ್ ಕೆಲಸ ಶುರುಮಾಡಲು ಬಿಡುವುದಿಲ್ಲ. "ಮಕ ತೋರಿಸ್ದೆ ಬೆಲ್ಟ್ ಆಕುದ್ರೆ ನನ್ ತಲೆಗೇ ಬತ್ತದೆ ಸಾ" ಎಂದು ಕೈಕೈ ಹಿಸುಕಿಕೊಂಡ.

ದಾಕ್ಷಾಯಣಿಯ ಮುಖ ತೋರಿಸಿದ. "ಹೋಲಿಕೆ ಇಲ್ಲ" ಎಂದು ಬಂತು. ಸುಮ್ಮನೆ ನನ್ನದನ್ನು ತೋರಿಸಿದ. "ಸ್ವಲ್ಪ ಹೋಲಿಕೆ ಇದೆ. ದಯವಿಟ್ಟು ಬೆಳಕಿಗೆ ಬನ್ನಿ" ಎಂದು ಬಂತು. ದಾಕ್ಷಾಯಣಿ ಮಣಿಕಟ್ಟು ಹಿಡಿದುಕೊಂಡು ಕಂಬಕ್ಕೆ ಒರಗಿ ನಕ್ಕಳು. ನಾನು ಬೆಳಕಿಗೆ ಹೋಗಲಿಲ್ಲ.

ಕೊನೆಗೆ ಮಲ್ಲಿಗೆಯ ಎದುರು ಫೋನ್ ಹಿಡಿದೆವು. ಎಡಕ್ಕೆ ತಿರುಗಿ ಎಂದಿತು ಆಪ್, ನಾನು ಎಡಗಡೆ ಸೀಮೆಹುಲ್ಲು ಹಿಡಿದೆ. ಬಲಕ್ಕೆ ಎಂದಿತು, ಬಲಗಡೆ ಓಡಿದೆ. ಕಣ್ಣು ಮಿಟುಕಿಸಿ ಎಂದಿತು. ಹಸುವಿಗೆ ಇದನ್ನು ಹೇಗೆ ಹೇಳುವುದು? ನಾನೇ ಎದುರು ನಿಂತು ಮಿಟುಕಿಸಿ ತೋರಿಸಿದೆ. ಅಷ್ಟರಲ್ಲಿ ಒಂದು ನೊಣ ಬಂದು ರೆಪ್ಪೆಯ ಮೇಲೆ ಕೂತು ಕೆಲಸ ಮುಗಿಸಿಕೊಟ್ಟಿತು. "ಧನ್ಯವಾದ ಮಲ್ಲಿಗೆ, ಗುರುತು ಖಚಿತವಾಗಿದೆ!" ಅನಿಲ್‌ಕುಮಾರ್ ಬೆಲ್ಟ್ ಹಾಕಿದ, ಯಂತ್ರ ತಿರುಗಿತು, ನಮಗೆ ಹೋದ ಜೀವ ಬಂದಂತಾಯಿತು.

ಆಪ್ ಅಷ್ಟಕ್ಕೆ ಬಿಡಲಿಲ್ಲ. ಖಾತೆದಾರರು ಮತ್ತೊಮ್ಮೆ ಮುಖ ತೋರಿಸಿ ಸೇವೆಗೆ ನಕ್ಷತ್ರ ಕೊಡಬೇಕಂತೆ. ಅನಿಲ್‌ಕುಮಾರ್ ಫೋನನ್ನು ಮಲ್ಲಿಗೆಯ ಮೂತಿಯ ಹತ್ತಿರ ಒಯ್ದ. ಅದು ಸೀಮೆಹುಲ್ಲಿನ ಆಸೆಗೆ ಫೋನನ್ನು ನೆಕ್ಕಿತು, ಒಂದೇ ನಕ್ಷತ್ರ ಬಿತ್ತು. ಅವನು ಫೋನ್ ಎಳೆದುಕೊಳ್ಳುವಷ್ಟರಲ್ಲಿ ಇನ್ನೊಮ್ಮೆ ನೆಕ್ಕಿತು, "ಸಿಬ್ಬಂದಿ ಅಸಭ್ಯವಾಗಿ ವರ್ತಿಸಿದರು" ಎಂಬುದರ ಮೇಲೆ ಗುರುತು ಬಿದ್ದು, ದೂರು ಹೊರಟೇಹೋಯಿತು.

"ಅಯ್ಯೋ, ಒತ್ಬುಟ್ಳಲ್ಲ ಸಾ!" ಎಂದು ಅವನು ಎಂಜಲಾದ ಫೋನನ್ನು ಪ್ಯಾಂಟಿಗೆ ಒರೆಸುತ್ತ ನಿಂತ.

ಮಹಿಳಾ ಗ್ರಾಹಕರೊಂದಿಗೆ ಅಸಭ್ಯ ವರ್ತನೆ ಎಂಬ ಕಾರಣಕ್ಕೆ ನೀವು ಅವನನ್ನು ಅಮಾನತು ಮಾಡಿದಿರಿ. ಹೊಳೆನರಸೀಪುರದಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಯಾರೋ ಹೆಂಗಸಿನ ವಿಚಾರವಂತೆ ಎಂಬ ಸುದ್ದಿ ಅಲ್ಲಿಗೂ ಮುಟ್ಟಿ, ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಇದು ತಿಳಿದದ್ದೇ ದಾಕ್ಷಾಯಣಿ ಸೀರೆ ಬದಲಿಸಿ, ನನ್ನನ್ನೂ ಹೊರಡಿಸಿ, ಆ ಮನೆಗೆ ಹೋಗಿ ನಡುಮನೆಯಲ್ಲಿ ಕೂತಳು. "ಆ ಎಂಗ್ಸು ಯಾರು ಅಂತ ತಾನೆ ನಿಮ್ಗೆ ಯೋಚ್ನೆ? ನೋಡ್ಕಳಿ" ಎಂದು ಮಲ್ಲಿಗೆಯ ಫೋಟೋ ತೋರಿಸಿ, ನಡೆದದ್ದೆಲ್ಲ ಹೇಳಿದಳು. ಮದುವೆಯ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವಳ ಅಜ್ಜಿ ಸುಬ್ಬಮ್ಮ ಮಾತ್ರ ನಗಲಿಲ್ಲ.

"ಅಸ ಅವುನ್ಗೆ ಒದೀತಾ?" ಎಂದು ಕೇಳಿದರು.

"ಇಲ್ಲ ಕಣವ್ವಾ, ನೆಕ್ತು."

"ಅಂಗಾರೆ ಉಡ್ಗ ಒಳ್ಳೇನೇ ಬುಡಿ" ಎಂದು ಕಾಫಿ ತರಿಸಿದರು. ಮದುವೆ ಉಳಿಯಿತು. ಕೆಲಸವೊಂದು ವಾಪಸ್ ಬರಲಿ ಎಂದರು.

ಮಾನ್ಯರೇ, ಒಬ್ಬ ಅಜ್ಜಿ ಒಂದು ಪ್ರಶ್ನೆ ಕೇಳಿ ಮುಗಿಸಿದ ವಿಚಾರಣೆಯನ್ನು ನೀವು ಇನ್ನೂ ಆರಂಭಿಸಿಲ್ಲ. ಅನಿಲ್‌ಕುಮಾರನನ್ನು ಕೆಲಸಕ್ಕೆ ಕರೆಯಿರಿ. ಫೋನ್ ನಂಬರಿನಿಂದ ಒಳಗೆ ಬರುತ್ತಿದ್ದ ಹಳೆಯ ಬಾಗಿಲನ್ನು ತೆರೆಯಿರಿ. ಖಾತೆಯಲ್ಲಿ ನನ್ನ ಹೆಂಡತಿಯ ಹೆಸರನ್ನು ಇದ್ದಂತೆಯೇ ಹಾಕಿರಿ. ಮೊನ್ನೆ ನಿಮ್ಮಿಂದ ಬಂದ ನೋಟಿಸಿನಲ್ಲಿ, ದೂರುದಾರರಾದ ಮಲ್ಲಿಗೆಯವರು ಬರುವ ಸೋಮವಾರ ಹಾಸನದ ಕಚೇರಿಗೆ ಖುದ್ದು ಹಾಜರಾಗಿ ಹೇಳಿಕೆ ಕೊಡಬೇಕೆಂದಿದೆ. ಅಷ್ಟರೊಳಗೆ ಇದು ಸರಿಹೋಗದಿದ್ದರೆ ನಾವು ಆಜ್ಞೆಯನ್ನು ಮೀರುವವರಲ್ಲ. ಲಗೇಜ್ ಆಟೋದವನಿಗೆ ಹೇಳಿಟ್ಟಿದ್ದೇನೆ. ನಿಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ ಎಂದು ಕೇಳಿದೆ, ಚಿಂತೆಯಿಲ್ಲ, ಹುಲ್ಲು ತೋರಿಸಿದರೆ ಮಲ್ಲಿಗೆ ಮೆಟ್ಟಿಲು ಹತ್ತುತ್ತದೆ. ಇಳಿಸುವುದು ಹೇಗೆಂಬುದನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.

ಇಂತಿ,
ನಿಮ್ಮ ದಾಖಲೆಯಲ್ಲಿ ಯಾರೂ ಅಲ್ಲದವಳ ಗಂಡ,
ನಿಮ್ಮ ಗ್ರಾಹಕಿಯನ್ನು ಸ್ವಲ್ಪ ಹೋಲುವ
ಈಶ್ವರಯ್ಯ
ಪತ್ರ ಬರಹಗಾರ, ದುದ್ದ