ಅಪ್ಪ ಮುಗ್ಧಾಗೆ ಹೇಳಿದ್ದು

ಮಂಗಳವಾರ, ೧೨ ನವೆಂಬರ್ ೨೦೨೪
ಶಿವಬಸವ ನಗರ, ಬೆಳಗಾವಿ

ಮುಗ್ಧಾ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ನೆರವಾಗುವ ಒಂದು ರಾಷ್ಟ್ರೀಯ ಸಂಸ್ಥೆಯ ಕಾರ್ಯಕರ್ತೆ ಅವಳು. ವಾರಕ್ಕೊಮ್ಮೆ ಖಾನಾಪುರದಿಂದ ಬಸ್ಸಿನಲ್ಲಿ ಬಂದು ಅಪ್ಪನ ಹತ್ತಿರ ಕೂತು ಮಾತಾಡುತ್ತಾಳೆ. ಫೋನ್ ಮಾಡಿ ಕರೆಸಿಕೊಂಡವಳು ನಾನೇ. ಇವತ್ತು ಆಫೀಸಿನಿಂದ ಬಂದಾಗ ಇಬ್ಬರೂ ಮರಾಠಿಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನನ್ನು ಕಂಡದ್ದೇ ಅಪ್ಪ ಸುಮ್ಮನಾದರು.

ಅವಳು ಹೊರಟಾಗ ಗೇಟಿನ ಹತ್ತಿರ ತಡೆದು ಕೇಳಿದೆ, "ಅಪ್ಪ ಏನ್ ಹೇಳಿದ್ರು?"

"ಅದನ್ನ ನಾ ಹೇಳಾಕ ಬರೂದಿಲ್ರೀ ಅಕ್ಕಾ. ನೀವ ಕೇಳ್ರಿ."

ರೋಗಿ ಹೇಳಿದ್ದನ್ನು ಮನೆಯವರಿಗೂ ಹೇಳಬಾರದು ಅನ್ನುವುದು ಸಂಸ್ಥೆಯ ನಿಯಮವಂತೆ! ವಾಂತಿಯಾದಾಗ ಬೋಗುಣಿ ಹಿಡಿಯುವವಳು ನಾನು, ಗುಟ್ಟು ಕೇಳಿಸಿಕೊಳ್ಳುವವಳು ಅವಳು.

ಒಳಗೆ ಬಂದು ಅದೇ ಸಿಟ್ಟಿನಲ್ಲಿ ಅಪ್ಪನನ್ನು ಕೇಳಿದೆ, "ಹೊರಗಿನ ಹುಡುಗಿಗೆ ಹೇಳೂದನ್ನ ನನಗ್ಯಾಕ ಹೇಳೂದಿಲ್ರಿ?"

"ಆಕಿ ಅಳೂದಿಲ್ಲವ್ವಾ," ಎಂದರು.

ಕುರ್ಚಿ ಎಳೆದುಕೊಂಡು ಅವರೆದುರು ಕೂತೆ. "ನಾನೂ ಅಳೂದಿಲ್ಲ. ಹೇಳ್ರಿ."

ಅಪ್ಪ ನನ್ನ ಕೈ ಹಿಡಿದುಕೊಂಡರು. "ಇನ್ನ ಕೀಮೋ ಬ್ಯಾಡ. ಗುಂಜಿಗೆ, ನನ್ನ ತಂಗಿ ಮನಿಗೆ ಕರಕೊಂಡು ಹೋಗು. ಇರೂ ಅಷ್ಟ ದಿನ ಅಲ್ಲೇ ಇರತೇನಿ."

"ಹೂಂ," ಅಂದೆ. ಅಳಲಿಲ್ಲ.

ನಾಳೆ ಡಾಕ್ಟರಿಗೆ ತಿಳಿಸಬೇಕು. ಗುಂಜಿಯ ಅತ್ತೆಗೂ ಫೋನ್ ಮಾಡಬೇಕು. ಮುಗ್ಧಾಗೆ ಅಪ್ಪ ಇದನ್ನು ಹೋದ ವಾರವೇ ಹೇಳಿದ್ದರಂತೆ. ಆ ವಾರವಿಡೀ ನಾನು ಅಪ್ಪನ ಬಾಯಿಗೆ ಬಲವಂತದಿಂದ ತುತ್ತು ಇಡುತ್ತ, ಕೀಮೋಗೆ ಶಕ್ತಿ ಬೇಕಲ್ಲ, ಇನ್ನೊಂದು ತಿನ್ರಿ, ಇನ್ನೊಂದು...