ಎಸ್ತೇರವ್ವನ ಡಿನ್ನರ್ ಸೆಟ್ಟು

ಬೆಟಗೇರಿ, ಕ್ರಿ.ಶ. ೨೧೮೭
ಡಿಸೆಂಬರ್ ಇಪ್ಪತ್ತೈದಕ್ಕೂ ಇಪ್ಪತ್ತಾರಕ್ಕೂ ನಡುವಿನ ತೆರಪಿನ ದಿನ

ಪ್ರೀತಿಯ ಸಾಲೊಮಿ ಅಜ್ಜಿಯವರಿಗೆ,

ಈ ತಾರೀಖು ನೋಡಿ ನಿಮಗೆ ನಗು ಬಂದರೆ ತಪ್ಪಿಲ್ಲ. ನಿಮಗಿನ್ನೂ ಮೂವತ್ತು ದಾಟಿಲ್ಲ, ಅಜ್ಜಿ ಅನ್ನಿಸಿಕೊಳ್ಳುವ ವಯಸ್ಸೂ ಅಲ್ಲ. ಆದರೆ ನಾನು ನಿಮ್ಮಿಂದ ಆರನೇ ತಲೆಮಾರಿನವಳು, ಬೇರೆ ಏನೆಂದು ಕರೆಯಲಿ? ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಹೊಸ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ತೆರಪು ಎಂದರೆ ನಮ್ಮ ಕ್ಯಾಲೆಂಡರಿನಲ್ಲಿ ತಾರೀಖಿಲ್ಲದ ದಿನ. ಕ್ರಿಸ್ಮಸ್ಸಿನ ಮರುದಿನ ಓಣಿಯವರೆಲ್ಲ ಮನೆಯ ಸಾಮಾನುಗಳನ್ನು ಅಂಗಳಕ್ಕೆ ತಂದಿಡುತ್ತೇವೆ. ಒಂದೊಂದನ್ನೇ ಕೈಯಲ್ಲಿ ಹಿಡಿದು ಋಣದ ಮಾತು ಹೇಳಬೇಕು: ಇದನ್ನು ಯಾರು ಕೊಟ್ಟರು, ಈ ವರ್ಷ ಇದು ಯಾವುದಕ್ಕೆ ಒದಗಿತು. ಹೇಳಿದರೆ ಮನೆಯೊಳಗೆ. ಬಾಯಿ ತಡವರಿಸಿದರೆ ಹಂಚುಮನೆಗೆ, ಅಂದರೆ ಬೇಕಾದವರು ಒಯ್ದು ಬಳಸಿ ಮರಳಿಸುವ ಊರ ಉಗ್ರಾಣಕ್ಕೆ. ಹಾಗಂತ ನಾವೆಲ್ಲ ದೊಡ್ಡ ಸಂತರು ಎಂದುಕೊಳ್ಳಬೇಡಿ. ನನ್ನ ಗಂಡ ತನ್ನ ಛತ್ರಿಗಳ ಬಗ್ಗೆ ಪ್ರತಿ ವರ್ಷ ಹಸಿ ಸುಳ್ಳು ಹೇಳಿ ಅಷ್ಟನ್ನೂ ಉಳಿಸಿಕೊಳ್ಳುತ್ತಾನೆ, ಓಣಿಯವರು ಮುಸಿಮುಸಿ ನಗುತ್ತಾರೆ. ಕರ್ಚಿಕಾಯಿ ಈಗಲೂ ಇದೆ. ನಮ್ಮ ಒಲೆಗಳು ಗಾಳಿಯ ವಿದ್ಯುತ್ತಿನಿಂದ ನಡೆಯುವುದರಿಂದ ಹೂರಣ ತಯಾರು ಮಾಡಿಟ್ಟು ಗುಡ್ಡದ ಮೇಲಿನ ಪಂಖಗಳನ್ನೇ ನೋಡುತ್ತ ಕೂರುತ್ತೇವೆ. ಅವು ತಿರುಗಿದವೋ, ಇಡೀ ಓಣಿಗೆ ಒಂದೇ ಬಾಣಲೆ, ಒಂದೇ ಗದ್ದಲ. ಮಕ್ಕಳಿಗೆ ತಲೆಗೊಂದು ಉಡುಗೊರೆ. ಕೊಟ್ಟವರೇ ಎದುರು ಕೂತು ಅದನ್ನು ಬಿಚ್ಚಿಸಬೇಕು, ಅದು ನಮ್ಮ ಕಟ್ಟುನಿಟ್ಟು.

ನಿಮ್ಮ ಕಾಲದ ಫೋಟೊಗಳು ನಮ್ಮಲ್ಲಿ ಬೇಕಾದಷ್ಟಿವೆ. ನೀವು ಎಷ್ಟು ತೆಗೆದಿದ್ದೀರೆಂದರೆ ಅಳಿಸುತ್ತ ಹೋದರೂ ಮುಗಿಯುವುದಿಲ್ಲ! ಒಂದರಲ್ಲಿ ನಿಮ್ಮ ಹುಬ್ಬಳ್ಳಿಯ ಮನೆ, ಮಿನುಗುವ ಮರ, ಅದರ ಬುಡದಲ್ಲಿ ಗುಡ್ಡೆ ಬಿದ್ದ ಪೊಟ್ಟಣಗಳು. ನಿಮ್ಮ ನಾದಿನಿಯ ಮಕ್ಕಳು ಆಟಿಕೆಗಳನ್ನು ಬದಿಗೆ ತಳ್ಳಿ ಖಾಲಿ ರಟ್ಟಿನ ಡಬ್ಬದೊಳಗೆ ಕೂತು ಆಡುತ್ತಿದ್ದಾರೆ. ತುಂಬು ಬಸುರಿಯಾದ ನೀವು ದಣಿದು ಕುರ್ಚಿಗೆ ಒರಗಿದ್ದೀರಿ. ಹಿಂದೆ ಕಪಾಟಿನ ಮೇಲೆ ಕೆಂಪು ಹೊಳೆಯುವ ಕಾಗದ ಸುತ್ತಿದ ಪೆಟ್ಟಿಗೆಯೊಂದಿದೆ, ಕಾಗದ ಹರಿದ ಮೂಲೆಯಲ್ಲಿ ತಟ್ಟೆಯ ಚಿತ್ರ ಇಣುಕುತ್ತಿದೆ. ನಾನು ಈ ಪತ್ರ ಬರೆಯುತ್ತಿರುವುದೇ ಆ ಪೆಟ್ಟಿಗೆಗಾಗಿ, ಅದೂ ಆ ಫೋಟೊ ತೆಗೆದ ದಿನದ ನಿಮಗೆ; ಮುಂದೆ ಹೇಳುವುದು ನಿಮಗಿನ್ನೂ ನಡೆದಿಲ್ಲ.

ಅದು ಬಿಚ್ಚದೆಯೇ ನಮ್ಮ ತನಕ ಬಂತು. ನಿಮ್ಮ ಅತ್ತೆ ಎಸ್ತೇರವ್ವ ಕೊಟ್ಟ ಡಿನ್ನರ್ ಸೆಟ್ಟು, ಅತ್ತೆಯ ಮೇಲಿನ ಗೌರವಕ್ಕೆ ಸಾಲೊಮಿ ಅಜ್ಜಿ ಅದನ್ನು ಮುಟ್ಟಲೇ ಇಲ್ಲ ಎಂದು ತಾಯಂದಿರು ಮಕ್ಕಳಿಗೆ ಹೇಳುತ್ತ ಬಂದರು. ಪ್ರತಿ ಕ್ರಿಸ್ಮಸ್ಸಿಗೆ ಬೆಟಗೇರಿಯಿಂದ ಬಂದಾಗ ಎಸ್ತೇರವ್ವ, "ಬಿಚ್ಚಿ ನೋಡಿದೇನವಾ?" ಎಂದು ಕೇಳುತ್ತಿದ್ದರಂತೆ. "ಜೋಪಾನ ಇಟ್ಟೇನ್ರಿ, ಅತ್ತಿ" ಎಂದು ನೀವು. "ಹೌದಾ, ಇರಲಿ ಬಿಡು" ಎಂದು ಅವರು ಚಹಾ ಕುಡಿದು ಹೊರಡುತ್ತಿದ್ದರಂತೆ. ಕೊಟ್ಟದ್ದನ್ನು ಹೇಗೆ ಗೌರವಿಸಬೇಕು ಎಂಬುದಕ್ಕೆ ನಮಗೆ ಇದೇ ಪಾಠ. ಬಳಸದ ವಸ್ತು ಮನೆಯಲ್ಲಿ ಉಳಿಯಬಾರದೆನ್ನುವ ಓಣಿಯವರು ಸಹ ಇದೊಂದನ್ನು ಬಿಟ್ಟುಕೊಟ್ಟಿದ್ದರು. ನಿಮ್ಮ ಅಡುಗೆಮನೆಯಲ್ಲಿ ಆಗಲೇ ಮೂರು ಸೆಟ್ಟುಗಳಿದ್ದವು, ನಾಲ್ಕನೆಯದನ್ನು ಬಿಚ್ಚಲು ನಿಮಗೆ ಮನಸ್ಸಾಗಲಿಲ್ಲ ಎಂದು ನನಗೆ ಫೋಟೊಗಳಿಂದ ಗೊತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ.

ನನ್ನವ್ವ ಸುಶಾಂತಿ ಈಗ ಹಾಸಿಗೆ ಹಿಡಿದಿದ್ದಾಳೆ. ಈ ಸಲ ಹಟ ಮಾಡಿದಳು: "ಸಾಯೋದ್ರಾಗ ಒಮ್ಮೆರೆ ಆ ತಾಟಿನ್ಯಾಗ ಪಾಯಸ ಉಣಸ್ರಿ." ಹಾಗಾಗಿ ನಿನ್ನೆ, ಆರಾಧನೆ ಮುಗಿಸಿ ಬಂದ ಮೇಲೆ, ಅವಳ ಎದುರೇ ಬಿಚ್ಚಿದೆವು. ಡಬ್ಬದ ಮೇಲೆ ನೀಲಿ ಹೂವಿನ ತಟ್ಟೆಗಳ ಚಿತ್ರವಿತ್ತು. ಒಳಗೆ ಒಂದು ತಟ್ಟೆಯೂ ಇರಲಿಲ್ಲ.

ಒಂದು ಪುಟ್ಟ ಕೌದಿ ಇತ್ತು. ಇಳಕಲ್ ಸೀರೆಯ ಸೆರಗಿನ ತುಂಡುಗಳು, ಹಳೆಯ ಧೋತರ, ನಡುವೆ ಮದುವೆಯ ಬಿಳಿ ಸೀರೆಯ ಬಟ್ಟೆ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ಮಡಿಕೆಗಳಲ್ಲಿ ಇಟ್ಟಿದ್ದ ಬೇವಿನ ಎಲೆ ಪುಡಿಯಾಗಿತ್ತು. ಅವ್ವ ಅಂಚನ್ನು ಸವರಿ ನೋಡಿ, "ಕೂಸಿನ ಕೌದಿ ಐತಿ ಇದು" ಎಂದಳು. ಅಂಗಡಿಯ ಉಡುಗೊರೆಗಳ ನಡುವೆ ಹಳೆ ಸೀರೆಯ ಕೌದಿ ತರಲು ಎಸ್ತೇರವ್ವನಿಗೆ ಸಂಕೋಚವಾಗಿರಬೇಕು. ಯಾರ ಮನೆಯದೋ ಗಟ್ಟಿ ಡಬ್ಬ ಕೇಳಿ ತಂದು, ಹೊಳೆಯುವ ಕಾಗದ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿರಬೇಕು. ಆಮೇಲೆ ವರ್ಷ ವರ್ಷವೂ ಕೇಳಿದರು. ನಮ್ಮ ವಂಶದ ಒಂದು ಕೂಸೂ ಅದರ ಮೇಲೆ ಮಲಗಲಿಲ್ಲ.

ಇವತ್ತು ಮಂಚದ ಸಮೇತ ಅಂಗಳಕ್ಕೆ ತಂದಾಗ ಅವ್ವ ಅದನ್ನು ಹಿಡಿದು ಋಣದ ಮಾತು ಶುರು ಮಾಡಿದಳು. ಯಾರು ಕೊಟ್ಟರೆಂದು ಹೇಳಿದಳು. ಯಾವುದಕ್ಕೆ ಒದಗಿತು ಎನ್ನುವಲ್ಲಿ ಅತ್ತುಬಿಟ್ಟಳು. ಪಕ್ಕದ ಮನೆಯ ಕರುಣಕ್ಕ, "ನಿನ್ನೆ ರಾತ್ರಿ ಕಾಲಿಗೆ ಬೆಚ್ಚಗಾತಲ್ಲ, ಅದನ್ನ ಹೇಳು" ಎಂದಳು. ಕೌದಿ ಮನೆಯೊಳಗೆ ಬಂತು. ಈಗ ಅವ್ವನ ಮಡಿಲಲ್ಲಿದೆ, ಒಂದು ಗಳಿಗೆಯೂ ಬಿಡುತ್ತಿಲ್ಲ.

ನಾನು ನಿಮಗೆ ಬುದ್ಧಿ ಹೇಳಲು ಬರೆದಿಲ್ಲ. ನೀವು ಕೂಡಿಟ್ಟ ಉಳಿದ ಸಾಮಾನನ್ನೆಲ್ಲ ಸೀಳುವುದು, ಕರಗಿಸುವುದು ನಮ್ಮ ಪಾಲಿನ ಕೆಲಸ, ಗೊಣಗುತ್ತ ಮಾಡುತ್ತಿದ್ದೇವೆ. ಕೇಳುವುದು ಒಂದೇ. ಆ ಪೆಟ್ಟಿಗೆಯನ್ನು ಇವತ್ತೇ ಇಳಿಸಿ. ನೀವು ಬಿಚ್ಚಿದರೆ ಅದು ನಮಗೆ ಸಿಗುವುದಿಲ್ಲ, ನನಗೆ ಗೊತ್ತು. ಹುಟ್ಟಲಿರುವ ನಿಮ್ಮ ಮಗಳು ಅದರ ಮೇಲೆ ಉಚ್ಚೆ ಹೊಯ್ದು, ಒಗೆದು ಒಗೆದು ಬಣ್ಣ ಹೋಗಿ, ಕಡೆಗೆ ನೆಲ ಒರೆಸುವ ಅರಿವೆಯಾಗುತ್ತದೆ. ಅವ್ವನ ಕಾಲು ತಣ್ಣಗೇ ಉಳಿಯುತ್ತದೆ. ಬರೆಯಲೋ ಬೇಡವೋ ಎಂದು ಅವಳನ್ನೇ ಕೇಳಿದೆ. ಕೌದಿಯನ್ನು ಒಮ್ಮೆ ಸವರಿ, "ಬರಿ. ಹರೀಲಿ ಅದು" ಎಂದಳು.

ಎಸ್ತೇರವ್ವ ಬೆಟಗೇರಿಯ ಬಸ್ಸು ಹಿಡಿಯುವುದು ಸಂಜೆಗಲ್ಲವೇ? ಇನ್ನೂ ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ಕರೆದು ಎದುರಿಗೆ ಕೂರಿಸಿಕೊಳ್ಳಿ.

ನಿಮ್ಮ ಕರುಳಿನ ಕುಡಿ,
ಹೆಪ್ಸಿಬಾ